ಮಾಸ್ಕೋದ ನೆಲದಡಿಯ ಅರಮನೆಗಳು

ಪ್ರವಾಸ ಹೊರಟವನು ಬೆಟ್ಟವನ್ನು ಹತ್ತುತ್ತಾನೆ. ಗೋಪುರವನ್ನು ತಲೆಯೆತ್ತಿ ನೋಡುತ್ತಾನೆ. ಆದರೆ ರಷ್ಯದ ರಾಜಧಾನಿಯಾದ ಮಾಸ್ಕೋಗೆ ಹೋದವನು ಕ್ರೆಮ್ಲಿನ್ ಕೋಟೆಯನ್ನು ಕಂಡ ಮೇಲೆ ನೆಲದೊಳಕ್ಕೆ ಇಳಿಯುತ್ತಾನೆ. ಅಲ್ಲಿ ಅವನು ನೋಡುವುದು ಗಣಿಯನ್ನಲ್ಲ, ಗುಹೆಯನ್ನಲ್ಲ. ದಿನವೂ ಲಕ್ಷಾಂತರ ಜನ ಕೆಲಸಕ್ಕೆ ಹೋಗಿಬರುವ ರೈಲು ನಿಲ್ದಾಣಗಳನ್ನು! ರೈಲು ನಿಲ್ದಾಣವೊಂದು ನೋಡತಕ್ಕ ಸ್ಥಳವಾದುದು ಹೇಗೆ? ನಾನು ಆ ನಗರವನ್ನು ಕಂಡವನಲ್ಲ. ಓದಿ, ಚಿತ್ರಗಳನ್ನು ನೋಡಿ ತಿಳಿದುಕೊಂಡುದನ್ನು ಮಿತ್ರರ ಮುಂದಿಡುತ್ತಿದ್ದೇನೆ.

ನೆಲದಡಿಯ ರೈಲು ಮೊದಲು ಓಡಿದ್ದು ಲಂಡನ್ನಿನಲ್ಲಿ, 1863ರಲ್ಲಿ. ಮಾಸ್ಕೋದ ಮೆಟ್ರೊ ಆರಂಭವಾದದ್ದು ಬಹಳ ತಡವಾಗಿ, 1935ರ ಮೇ 15ರಂದು. ಆಗ ಇದ್ದುದು ಸುಮಾರು 11 ಕಿಲೋಮೀಟರ್ ಹಾದಿ, 13 ನಿಲ್ದಾಣಗಳು. ಲಂಡನ್ನಿನವರಿಗೆ ಮೆಟ್ರೊ ಒಂದು ಅನುಕೂಲ. ಸೋವಿಯತ್ ಸರ್ಕಾರಕ್ಕಾದರೋ ಅದೊಂದು ಘೋಷಣೆ. ಹಿಂದೆ ಅಮೃತಶಿಲೆ, ತೂಗುದೀಪಗಳೆಲ್ಲ ಅರಸರ ಮನೆಯ ಸೊತ್ತು. ಇನ್ನು ಮುಂದೆ ಅವು ದುಡಿಯುವವನ ಕಣ್ಣಿಗೂ ದಕ್ಕಬೇಕು ಎಂಬುದು ಅದರ ಅರ್ಥ.

ಆದರೆ ಮಾಸ್ಕೋದ ನೆಲ ಸುಲಭವಾಗಿ ಒಗ್ಗುವ ನೆಲವಲ್ಲ. ಅಡಿಯಲ್ಲಿ ನೀರು ತುಂಬಿದ ಮರಳು, ಕೆಸರು. ನನ್ನ ತಂದೆ ಬಾವಿ ತೋಡುವ ಕೆಲಸದವರು. "ಒಣಮಣ್ಣು ಹೇಳಿದ ಮಾತು ಕೇಳ್ತದೆ, ನೀರು ಸೇರಿದ ಮಣ್ಣನ್ನ ಮಾತ್ರ ನಂಬಬ್ಯಾಡ" ಎಂದು ಅವರು ಹೇಳುವುದುಂಟು. ಅಲ್ಲಿನ ಎಂಜಿನಿಯರರು ಕಂಡುಕೊಂಡ ಉಪಾಯಗಳಲ್ಲಿ ಒಂದನ್ನು ಕೇಳಿ ತಂದೆಯವರೇ ಬೆರಗಾದರು. ಚಲಿಸುವ ಮೆಟ್ಟಿಲುಗಳಿಗಾಗಿ ಓರೆಯಾಗಿ ಅಗೆಯಬೇಕಾದ ಕಡೆ ನೆಲದೊಳಕ್ಕೆ ಕೊಳವೆಗಳನ್ನು ಇಳಿಸಿ, ಅತಿ ತಣ್ಣಗಿನ ಉಪ್ಪುನೀರನ್ನು ಅವುಗಳಲ್ಲಿ ಹರಿಸುತ್ತಿದ್ದರು. ಸುತ್ತಲಿನ ಕೆಸರು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತಿತ್ತು. ಅದು ಕರಗುವ ಮೊದಲೇ ಅಗೆದು ಗೋಡೆ ಕಟ್ಟುತ್ತಿದ್ದರು.

ಇನ್ನು ನಿಲ್ದಾಣಗಳನ್ನು ನೋಡೋಣ. 1938ರಲ್ಲಿ ತೆರೆದ ಮಾಯಕೋವ್‌ಸ್ಕಾಯದ ಶಿಲ್ಪಿ ಅಲೆಕ್ಸಿ ದುಷ್ಕಿನ್. ಉಕ್ಕಿನ ಕಂಬಗಳನ್ನು ನಿಲ್ಲಿಸಿ, ಆಳದಲ್ಲಿಯೂ ಇಕ್ಕಟ್ಟೆನಿಸದ ಹಗುರವಾದ ಸಭಾಂಗಣವನ್ನು ಅವನು ರಚಿಸಿದನು. ಚಾವಣಿಯಲ್ಲಿ ಕಲಾವಿದ ದೈನೇಕನ 34 ಮೊಸಾಯಿಕ್ ಚಿತ್ರಗಳಿವೆ. ಅವುಗಳ ವಸ್ತು ಸೋವಿಯತ್ ದೇಶದ ಒಂದು ಹಗಲುರಾತ್ರಿಯ ಆಕಾಶ. ನೆಲದಡಿಯಲ್ಲಿ ನಿಂತವನಿಗೆ ಆಕಾಶವನ್ನು ತೋರಿಸಬೇಕೆಂಬುದು ಎಂಥ ಚೆಲುವಾದ ಕಲ್ಪನೆ!

ಅದೇ ವರ್ಷದ 'ಕ್ರಾಂತಿ ಚೌಕ' ನಿಲ್ದಾಣದಲ್ಲಿ ಮಾನಿಜರನು ರೂಪಿಸಿದ 76 ಕಂಚಿನ ಮೂರ್ತಿಗಳಿವೆ. ಸೈನಿಕ, ರೈತ, ಓದುತ್ತಿರುವ ಹುಡುಗಿ ಎಲ್ಲರೂ ಅಲ್ಲಿದ್ದಾರೆ. ಗಡಿ ಕಾಯುವವನ ಪಕ್ಕದಲ್ಲಿ ಒಂದು ನಾಯಿಯೂ ಇದೆ. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಅದರ ಮೂಗನ್ನು ಸವರಿ ಹೋಗುವ ವಾಡಿಕೆಯಿಂದ ಆ ಮೂಗು ಬಂಗಾರದಂತೆ ಹೊಳೆಯುತ್ತದೆ. ಗಣಪತಿ ಗುಡಿಯ ಮುಂದೆ ಮಾರ್ಚ್ ತಿಂಗಳಲ್ಲಿ ಸೇರುವ ನಾವು ಅವರನ್ನು ನೋಡಿ ನಗುವಂತಿಲ್ಲ!

1952ರ ಕೊಮ್ಸೊಮೊಲ್‌ಸ್ಕಾಯ ವೈಭವದ ಶಿಖರ. ಹಳದಿ ಚಾವಣಿ, ತೂಗುದೀಪಗಳು, ರಷ್ಯದ ಯುದ್ಧವಿಜಯಗಳನ್ನು ಸಾರುವ ಮೊಸಾಯಿಕ್‌ಗಳು ಅಲ್ಲಿವೆ. ರಾಜಕೀಯ ಬದಲಾದಾಗ ಅವುಗಳಲ್ಲಿದ್ದ ಸ್ಟಾಲಿನ್ನನ ಚಿತ್ರ ಮಾಯವಾಯಿತು. ಕಟ್ಟಡಗಳಲ್ಲಿ ಅತಿಯಾದ ಅಲಂಕಾರ ಕೂಡದೆಂದು 1955ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿದ ಮೇಲೆ ಬಹುಕಾಲ ಸಾದಾ ನಿಲ್ದಾಣಗಳೇ ಬಂದವು. 2003ರಲ್ಲಿ ತೆರೆದ ವಿಜಯೋದ್ಯಾನ ನಿಲ್ದಾಣ ಸುಮಾರು 84 ಮೀಟರ್ ಆಳದಲ್ಲಿದೆ. ಅಲ್ಲಿಯ ಚಲಿಸುವ ಮೆಟ್ಟಿಲಿನ ಮೇಲೆ ಸುಮಾರು ಮೂರು ನಿಮಿಷ ನಿಲ್ಲಬೇಕು.

ಈ ಅರಮನೆಗಳು ಬರಿಯ ಅಲಂಕಾರವಾಗಿಯೂ ಉಳಿಯಲಿಲ್ಲ. 1941ರಲ್ಲಿ ಜರ್ಮನ್ ವಿಮಾನಗಳು ಬಾಂಬು ಸುರಿದಾಗ ಮಾಸ್ಕೋದ ತಾಯಂದಿರು ಮಕ್ಕಳೊಡನೆ ಇಲ್ಲಿ ಮಲಗಿದರು. ಆ ವರ್ಷದ ನವೆಂಬರ್ 6ರಂದು ಕ್ರಾಂತಿಯ ವಾರ್ಷಿಕೋತ್ಸವದ ಸಭೆ ನಡೆದದ್ದೂ ಮಾಯಕೋವ್‌ಸ್ಕಾಯದಲ್ಲಿಯೇ.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಹೊಗಳಲಾಗದು. ನಿಲ್ದಾಣಗಳಿಗೆ ಅಮೃತಶಿಲೆ ಬಂದ ಕಾಲದಲ್ಲಿ ಮೇಲಿನ ನಗರದಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಬಾಳುತ್ತಿತ್ತು. 1932-33ರಲ್ಲಿ ಹಳ್ಳಿಗಳಲ್ಲಿ ಘೋರ ಕ್ಷಾಮವಿತ್ತು. ಸುರಂಗ ತೋಡಿದವರಲ್ಲಿ ಅನೇಕರು ಹಳ್ಳಿಯಿಂದ ಬಂದವರು, ಹೆಂಗಸರೂ ಇದ್ದರು. ಶಿಲ್ಪಿಗಳ ಹೆಸರನ್ನು ನಾನು ಇಲ್ಲಿ ಬರೆಯಬಲ್ಲೆ. ಕೆಸರಿನಲ್ಲಿ ನಿಂತವರಲ್ಲಿ ಬಹುಪಾಲಿನವರ ಹೆಸರನ್ನು ಬರೆಯಲಾರೆ. ಆದರೂ ಒಂದು ಮಾತು ನಿಜ. ಸೋವಿಯತ್ ಒಕ್ಕೂಟ 1991ರಲ್ಲಿ ಅಳಿಯಿತು. ಆ ಕೆಲಸಗಾರರ ಮೊಮ್ಮಕ್ಕಳು ಇಂದಿಗೂ ಆ ಕಂಬಗಳ ನಡುವೆ ನಡೆಯುತ್ತಿದ್ದಾರೆ. ಸೌಂದರ್ಯ ಬಡವನಿಗೆ ಬೇಡವೆನ್ನುವವರು ಒಮ್ಮೆ ಇದನ್ನು ಯೋಚಿಸಬೇಕು.

ಕಳೆದ ರಜೆಯಲ್ಲಿ ತಂದೆಯವರೊಡನೆ ಬೆಂಗಳೂರಿಗೆ ಹೋಗಿದ್ದೆ. ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ಇಳಿದೆವು. ರೈಲು ಬಂತು, ಹೋಯಿತು. ಅವರು ಅದನ್ನು ನೋಡಲೇ ಇಲ್ಲ. ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು.

"ಇಲ್ಲಿಯ ನೀರನ್ನ ಎತ್ತ ತಿರುಗಿಸಿದ್ರೋ ಮಗ?" ಎಂದು ಕೇಳಿದರು.

ಅಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ ಇರಬೇಕು. ಪದವಿಯ ಕೊನೆಯ ವರ್ಷದಲ್ಲಿರುವ ನನಗೆ ಉತ್ತರ ಗೊತ್ತಿರಲಿಲ್ಲ.