ಉಷ್ಣವೆಂದು ಕಡೆಗಣಿಸಬೇಡಿ: ಕೆಟಮಿನ್ ಚಟ ಮತ್ತು ಮೂತ್ರಾಂಗಗಳು



ಮೈಸೂರಿನ ಕುಂಬಾರಕೊಪ್ಪಲಿನ ಯಾವುದೇ ಮನೆಯಲ್ಲಿ ಮಗನೋ ಮಗಳೋ "ಅಮ್ಮಾ, ಮೂತ್ರಕ್ಕೆ ಹೋದರೆ ಉರಿ" ಎಂದರೆ ತಾಯಿ ಹೇಳುವುದು ಒಂದೇ ಮಾತು: "ಉಷ್ಣ ಆಗಿದೆ, ನೀನು ನೀರೇ ಕುಡಿಯಲ್ಲ." ಕೂಡಲೇ ಬಾರ್ಲಿ ನೀರು, ಎಳನೀರು ಸಿದ್ಧವಾಗುತ್ತದೆ. ಗುಣವಾಗದಿದ್ದರೆ ವೈದ್ಯರು ಸೋಂಕಿರಬಹುದೆಂದು ಮಾತ್ರೆ ಬರೆದುಕೊಡುತ್ತಾರೆ. ಆದರೆ ಮಾತ್ರೆಗೂ ಜಗ್ಗದ, ಪರೀಕ್ಷೆಯಲ್ಲಿ ರೋಗಾಣುಗಳೂ ಕಾಣದ ಉರಿಮೂತ್ರವುಂಟು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ರೋಗಿ ಬಲ್ಲ, ಹೇಳಲು ಹೆದರುತ್ತಾನೆ. ಅದೇ ಕೆಟಮಿನ್ ಎಂಬ ವಸ್ತುವಿನ ಚಟ.

ಕೆಟಮಿನ್ ಎಂದರೇನು?

ಕೆಟಮಿನ್ ಮೂಲತಃ ಒಂದು ಅರಿವಳಿಕೆ ಔಷಧಿ. 1962ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ತಯಾರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಇದನ್ನು ಕೊಟ್ಟರೆ ಹೆದರಬೇಕಾದ್ದಿಲ್ಲ. ಅಪಾಯವಿರುವುದು ಅಮಲಿಗಾಗಿ ಇದನ್ನು ಮತ್ತೆ ಮತ್ತೆ, ತಿಂಗಳುಗಟ್ಟಲೆ ಸೇವಿಸುವುದರಲ್ಲಿ. ಭಾರತದಲ್ಲಿ 2011ರಿಂದ ಕೆಟಮಿನ್ ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಸೇರಿದೆ.

ಹಾನಿ ಹೇಗಾಗುತ್ತದೆ?

ದೇಹ ಸೇರಿದ ಕೆಟಮಿನ್ ಯಕೃತ್ತಿನಲ್ಲಿ ಮಾರ್ಪಾಡಾಗುತ್ತದೆ. ಅದರ ಬಹುಪಾಲು ಅಂಶಗಳನ್ನು ಮೂತ್ರಪಿಂಡಗಳು, ಅಂದರೆ ಕಿಡ್ನಿಗಳು, ಸೋಸಿ ಮೂತ್ರದೊಂದಿಗೆ ಹೊರಹಾಕುತ್ತವೆ. ಈ ಮೂತ್ರವು ನಾಳಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಆಗ ಅದರಲ್ಲಿರುವ ರಾಸಾಯನಿಕಗಳು ಮೂತ್ರಕೋಶದ ಒಳಪದರವನ್ನು ಕೆಡಿಸುತ್ತವೆ ಎಂಬುದು ತಜ್ಞರ ಮುಖ್ಯ ವಿವರಣೆ. ಒಳಪದರ ಹುಣ್ಣಾಗುತ್ತದೆ, ರಕ್ತ ಒಸರುತ್ತದೆ, ಕ್ರಮೇಣ ಗೋಡೆ ದಪ್ಪವಾಗಿ ಬಿರುಸಾಗುತ್ತದೆ.

ಕುಂಬಾರರ ಕೈಯಲ್ಲಿರುವ ಹಸಿ ಮಣ್ಣು ಎಳೆದಂತೆ ಹಿಗ್ಗುತ್ತದೆ. ಆವಿಗೆಯಲ್ಲಿ ಸುಟ್ಟ ಮೇಲೆ ಅದು ಹಿಗ್ಗದು, ನೀರಿನಲ್ಲಿ ನೆನೆಸಿದರೂ ಮತ್ತೆ ಹಸಿ ಮಣ್ಣಾಗದು. ಮೂತ್ರಕೋಶದ ಗತಿಯೂ ಹಾಗೆಯೇ. ಆರೋಗ್ಯವಂತರಲ್ಲಿ ಅದು ಸುಮಾರು 400ರಿಂದ 500 ಮಿಲಿಲೀಟರ್ ಮೂತ್ರವನ್ನು ಹಿಡಿದಿಡಬಲ್ಲದು. ಚಟ ತೀವ್ರವಾದವರಲ್ಲಿ ಈ ಸಾಮರ್ಥ್ಯ 100 ಮಿಲಿಲೀಟರಿಗೂ ಕಡಿಮೆಯಾಗಬಹುದು. ಅಂಥವರು ಅರ್ಧ ಗಂಟೆಗೊಮ್ಮೆ ಶೌಚಾಲಯಕ್ಕೆ ಓಡಬೇಕು. ತರಗತಿಯಲ್ಲಿ ಕೂರಲಾಗದು, ಬಸ್ಸಿನಲ್ಲಿ ಪಯಣಿಸಲಾಗದು, ರಾತ್ರಿ ನಿದ್ದೆಯಿಲ್ಲ.

ಹಾನಿ ಇಲ್ಲಿಗೇ ನಿಲ್ಲುವುದಿಲ್ಲ. ಮೂತ್ರನಾಳಗಳು ಕಿರಿದಾದರೆ ಅಥವಾ ಮೂತ್ರ ಹಿಂದಕ್ಕೆ ಒತ್ತಿದರೆ ಮೂತ್ರಪಿಂಡಗಳು ಊದಿಕೊಳ್ಳುತ್ತವೆ. ಈ ಒತ್ತಡ ಮುಂದುವರಿದರೆ ಅವು ಕೆಲಸ ನಿಲ್ಲಿಸುವ ಅಪಾಯವಿದೆ.

ಇದು ತಿಳಿದದ್ದು ಯಾವಾಗ?

2007ರಲ್ಲಿ ಕೆನಡಾದ ಟೊರಾಂಟೊದ ವೈದ್ಯರು ಇಂಥ ಒಂಬತ್ತು ರೋಗಿಗಳ ವಿವರ ಪ್ರಕಟಿಸಿದರು. 2008ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು 59 ಜನರನ್ನು ಪರೀಕ್ಷಿಸಿದ ವರದಿ ನೀಡಿದರು. ಅವರಲ್ಲಿ 30 ಜನರಿಗೆ ಒಂದು ಅಥವಾ ಎರಡೂ ಮೂತ್ರಪಿಂಡಗಳು ಊದಿಕೊಂಡಿದ್ದವು. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯಲ್ಲಿ ಕೆಟಮಿನ್ ಸೇವಿಸುತ್ತಿದ್ದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮೂತ್ರದ ತೊಂದರೆ ಹೇಳಿಕೊಂಡರು.

ಇದೆಲ್ಲ ಪರದೇಶದ ಮಾತು, ನಮ್ಮ ಊರಿಗೇಕೆ ಎನ್ನಬೇಡಿ. ಪ್ರಯೋಗಾಲಯದಲ್ಲಿ ತಯಾರಾಗುವ ಮಾದಕ ವಸ್ತುಗಳಿಗೆ ಊರಿನ ಗಡಿಯಿಲ್ಲ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನಲ್ಲಿಯೇ ಮೆಫೆಡ್ರೋನ್ ಎಂಬ ಇನ್ನೊಂದು ಮಾದಕ ವಸ್ತುವಿನ ತಯಾರಿಕಾ ಘಟಕವನ್ನು ಪತ್ತೆಹಚ್ಚಿದರು.

ನೋವೇ ಬಲೆಯಾದಾಗ

ಕೆಟಮಿನ್ ನೋವನ್ನು ಮರೆಸುತ್ತದೆ. ಆದ್ದರಿಂದ ಹೊಟ್ಟೆಯ ಕೆಳಭಾಗ ನೋಯತೊಡಗಿದಾಗ ಚಟವಿರುವವನು ನೋವು ತಡೆಯಲೆಂದೇ ಮತ್ತಷ್ಟು ಸೇವಿಸುತ್ತಾನೆ. ನೋವು ಕೊಂಚ ಅಡಗುತ್ತದೆ, ಹುಣ್ಣು ಇನ್ನಷ್ಟು ಬೆಳೆಯುತ್ತದೆ. ಈ ಸುಳಿಯಿಂದ ಒಬ್ಬನೇ ಹೊರಬರುವುದು ಕಷ್ಟ.

ಪರಿಹಾರವೇನು?

ಮೊದಲ ಚಿಕಿತ್ಸೆ ಸೇವನೆಯನ್ನು ಪೂರ್ತಿ ನಿಲ್ಲಿಸುವುದು. ಬೇಗ ನಿಲ್ಲಿಸಿದರೆ ಅನೇಕರಲ್ಲಿ ತೊಂದರೆ ಕಡಿಮೆಯಾಗುತ್ತದೆ. ತಡವಾಗಿ ಮೂತ್ರಕೋಶ ಕುಗ್ಗಿಹೋದರೆ ಕರುಳಿನ ತುಂಡನ್ನು ಜೋಡಿಸಿ ಅದನ್ನು ಹಿಗ್ಗಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದೀತು. ಚಟ ಬಿಡದವರಿಗೆ ಅದರಿಂದಲೂ ಪ್ರಯೋಜನ ಸಿಗುವುದು ಕಷ್ಟ.

ವೈದ್ಯರ ಮುಂದೆ ನಿಜ ಹೇಳಿ. ಹೇಳದಿದ್ದರೆ ಅವರು ಇಲ್ಲದ ಸೋಂಕಿಗೆ ಮದ್ದು ಕೊಡುತ್ತಲೇ ಇರುತ್ತಾರೆ, ಅಮೂಲ್ಯ ತಿಂಗಳುಗಳು ಕಳೆಯುತ್ತವೆ. ಪೊಲೀಸರ ಭಯದಿಂದ ಸುಮ್ಮನಿರುವವರಿಗೆ ಒಂದು ಮಾತು: ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿಯೇ ಮುಂದೆ ಬಂದು ಚಿಕಿತ್ಸೆ ಪಡೆದರೆ ಶಿಕ್ಷೆಯಿಂದ ರಕ್ಷಣೆ ಕೊಡಲು ಕಾಯಿದೆಯ 64-ಎ ಕಲಂ ಅವಕಾಶ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.

ನಿಮ್ಮ ಗೆಳೆಯನೊಬ್ಬ ಪದೇ ಪದೇ ತರಗತಿಯಿಂದ ಎದ್ದು ಹೋಗುತ್ತಿದ್ದರೆ ನಗಬೇಡಿ. ಪಕ್ಕದಲ್ಲಿ ಕುಳಿತು ವಿಚಾರಿಸಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಮಣ್ಣು ಹಸಿಯಾಗಿರುವಾಗಲೇ ತಿದ್ದಬೇಕು.