ಹೊಳೆ ನಡುವಿನ ನೌಕರಿ

ಕೊಲ್ಹಾರದ ಸೇತುವೆ ದಾಟುವ ಬಸ್ಸಿನಿಂದ ನೋಡಿದರೆ ಕೃಷ್ಣೆ ಹೊಳೆಯಂತೆ ಕಾಣುವುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿದೆ. ಹಳೆಯ ಊರನ್ನು ಈ ನೀರಿಗೆ ಬಿಟ್ಟುಕೊಟ್ಟು ಎತ್ತರದ ನೆಲಕ್ಕೆ ಬಂದವರು ಕೊಲ್ಹಾರದ ಜನ. ಇಲ್ಲಿಂದಲೂ ಸುತ್ತಲಿನ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯಿಂದಲೂ ಹುಡುಗ-ಹುಡುಗಿಯರು ನರ್ಸಿಂಗ್ ಓದಲು ವಿಜಯಪುರದ ಕಾಲೇಜುಗಳಿಗೆ ಹೋಗುತ್ತಾರೆ. ಓದು ಮುಗಿಯುತ್ತಿದ್ದಂತೆ ಮನೆಯಲ್ಲಿ ಬೆಂಗಳೂರು, ಪುಣೆ, ದುಬೈ ಎಂಬ ಹೆಸರುಗಳು ಶುರುವಾಗುತ್ತವೆ. ನಡುಗಡ್ಡೆಯೊಂದರಲ್ಲಿ ನೌಕರಿ ಹಿಡಿಯುವ ಮಾತು ಬರುವುದು ಅಪರೂಪ.

ಬರಬೇಕಾದ ಮಾತು ಅದು. ನೀರು ಸುತ್ತುವರಿದ ಊರುಗಳು ಲಕ್ಷದ್ವೀಪದಲ್ಲೋ ಸ್ಕಾಟ್ಲೆಂಡಿನಲ್ಲೋ ಮಾತ್ರ ಇಲ್ಲ. ಇದೇ ಕೃಷ್ಣೆ ನಾರಾಯಣಪುರದ ಬಸವಸಾಗರ ದಾಟಿದ ಮೇಲೆ ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ಕವಲೊಡೆದು ಹರಿಯುತ್ತ ಗಡ್ಡಿಗಳನ್ನು, ಎಂದರೆ ನಡುಗಡ್ಡೆಗಳನ್ನು, ಮಾಡಿಟ್ಟಿದೆ. ನೀಲಕಂಠರಾಯನಗಡ್ಡಿ, ಲಿಂಗಸುಗೂರು ತಾಲ್ಲೂಕಿನ ಕಡದರಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕುಲ, ಇವೆಲ್ಲ ಮಳೆಗಾಲದಲ್ಲಿ ದಿನಪತ್ರಿಕೆಗೆ ಸುದ್ದಿಯಾಗುವ ಹೆಸರುಗಳು. ಆಲಮಟ್ಟಿಯ ಗೇಟು ಎತ್ತಿದರೆ ನಾರಾಯಣಪುರದ ಗೇಟೂ ಎತ್ತಬೇಕು. ಕೆಳಗಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಗಡ್ಡಿಯವರ ದಾರಿ ಕಡಿಯುತ್ತದೆ.

2013ರ ಮಳೆಗಾಲದಲ್ಲಿ ಇಂಥದೊಂದು ಸುದ್ದಿ ಹೊರದೇಶದ ಪತ್ರಿಕೆಗಳಿಗೂ ಮುಟ್ಟಿತು. ಆಗ ಸುರಪುರ ತಾಲ್ಲೂಕಿನಲ್ಲಿದ್ದ ನೀಲಕಂಠರಾಯನಗಡ್ಡಿಯಲ್ಲಿ ಆಸ್ಪತ್ರೆ ಇರಲಿಲ್ಲ. ಹೊಳೆ ತುಂಬಿತ್ತು, ದಾಟಿಸುವವರು ಯಾರೂ ಇರಲಿಲ್ಲ. ಒಂಬತ್ತು ತಿಂಗಳ ಬಸುರಿಯೊಬ್ಬಳು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಒಡಹುಟ್ಟಿದವರ ಕಾವಲಿನಲ್ಲಿ ಈಜಿ ದಡ ಸೇರಿದಳು. ಆಕೆ ಹೋಗಬೇಕಾಗಿದ್ದುದು ಹತ್ತಿರದ ಕಕ್ಕೇರಾಕ್ಕೆ. ಓದಿದವರೆಲ್ಲ ಆಕೆಯ ಧೈರ್ಯ ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಆ ಧೈರ್ಯದ ಅಗತ್ಯ ಬೀಳದಂತೆ ನೋಡಿಕೊಳ್ಳುವ ಕೆಲಸ ಒಂದಿದೆ, ಅದು ನರ್ಸಿನ ಕೆಲಸ.

ಗಡ್ಡಿಯಲ್ಲಿ ಒಬ್ಬ ನರ್ಸ್ ಇದ್ದರೆ ಮಾಡುವ ಮೊದಲ ಕೆಲಸ ಲೆಕ್ಕ. ಯಾವ ತಾಯಿಗೆ ಯಾವ ತಿಂಗಳು ದಿನ ತುಂಬುತ್ತದೆ, ಆ ತಿಂಗಳು ಹೊಳೆ ಹೇಗಿರುತ್ತದೆ ಎಂದು ಮೊದಲೇ ನೋಡಿ, ನೀರು ಏರುವ ಮುನ್ನವೇ ಆಕೆಯನ್ನು ದಡದ ನೆಂಟರ ಮನೆಗೋ ಆಸ್ಪತ್ರೆಗೋ ಕಳಿಸುವುದು. ಅಷ್ಟರಲ್ಲೇ ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಕಳಿಸಲು ಕೇಂದ್ರ ಸರ್ಕಾರದ ಹೆರಿಗೆ ಮಾರ್ಗಸೂಚಿ ತರಬೇತಿ ಪಡೆದ ಸಹಾಯಕ ನರ್ಸ್‌ಗೂ (ಎ.ಎನ್.ಎಂ.) ಅನುಮತಿ ಕೊಟ್ಟಿದೆ. ಹೆರಿಗೆಯ ನಂತರ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಮತ್ತು ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಕರೆಂಟು ಹೋದಾಗ ಐಸ್‌ಪ್ಯಾಕ್ ಎಲ್ಲಿಂದ ತರಬೇಕೆಂಬುದೂ ನರ್ಸಿನ ಚಿಂತೆಯೇ. ಹಾವು ಕಡಿದವರು, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದವರು, ಜ್ವರದ ಕೂಸು, ಎಲ್ಲರೂ ಒಂದೇ ಬಾಗಿಲಿಗೆ ಬರುತ್ತಾರೆ. ಐ.ಸಿ.ಯು.ನಲ್ಲಿ ಮಾತ್ರ ಕೆಲಸ ಕಲಿತವರಿಗೆ ಇದು ಬೇರೆಯೇ ವಿದ್ಯೆ.

ಹಾಗಾದರೆ ಇಂಥ ಊರಿಗೆ ನೌಕರಿ ಯಾಕೆ ಸುಲಭವಾಗಿ ಹುಟ್ಟುವುದಿಲ್ಲ? ಕಾರಣ ಜನಸಂಖ್ಯೆಯ ಅಳತೆ. ಬಯಲು ನಾಡಿನಲ್ಲಿ 5,000 ಜನಕ್ಕೆ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ನಿಯಮ. ಕೆಲವೇ ನೂರು ಜನರ ಗಡ್ಡಿ ಈ ಲೆಕ್ಕದಲ್ಲಿ ದಡದ ಊರಿನ ಬಾಲಕ್ಕೆ ಸೇರಿಬಿಡುತ್ತದೆ. ನರ್ಸ್ ಇರುವುದು ದಡದಲ್ಲಿ, ಹೊಳೆ ಇರುವುದು ನಡುವೆ. ನೀರು ಕಡಿಯುವ ದಿನಗಳನ್ನು ಲೆಕ್ಕಕ್ಕೆ ಹಿಡಿಯದ ಈ ಅಳತೆ ಬದಲಾಗಲೇಬೇಕು.

ಕೊಲ್ಹಾರದ ನರ್ಸ್‌ಗೆ ಇನ್ನೊಂದು ತೊಡಕೂ ಇದೆ. ಯಾದಗಿರಿ, ರಾಯಚೂರು ಕಲ್ಯಾಣ ಕರ್ನಾಟಕದ ಜಿಲ್ಲೆಗಳು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಅಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಆ ಭಾಗದವರಿಗೇ ಮೀಸಲು. ವಿಜಯಪುರ ಜಿಲ್ಲೆ ಅದರೊಳಗೆ ಬರುವುದಿಲ್ಲ. ಹೊಳೆ ಒಂದೇ ಆದರೂ ಅರ್ಜಿಯ ಕಾಲಂ ಬೇರೆ. ಆದ್ದರಿಂದ ಉಳಿದ ಶೇ. 20ರ ಪೈಪೋಟಿಯ ಜೊತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳ ಮೇಲೂ ಕಣ್ಣಿಡಬೇಕು. ಬಿ.ಎಸ್ಸಿ. ನರ್ಸಿಂಗ್ ಜೊತೆ ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿ ಪಡೆದವರು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯಾಗಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ, ದಾರಿ ಕಷ್ಟವೆಂದು ಯಾರೂ ಒಪ್ಪದ ಜಾಗ ಯಾವುದಿದೆ ಎಂದು ನೇರವಾಗಿ ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಅಣೆಕಟ್ಟಿನಿಂದ ದ್ವೀಪವಾದ ನಾಡು ಮಲೆನಾಡಿನಲ್ಲೂ ಇದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ಸಾಗರ ತಾಲ್ಲೂಕಿನ ತುಮರಿ ಸುತ್ತಲಿನ ಹಳ್ಳಿಗಳಿಗೆ ಶರಾವತಿ ಹಿನ್ನೀರು ಅಡ್ಡವಾಯಿತು. ದಶಕಗಳ ಕಾಲ ಅಲ್ಲಿನ ರೋಗಿಗಳು ಲಾಂಚ್ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಸುತ್ತು ದಾರಿಯೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು.

ಸಮುದ್ರದ ಕಡೆ ಹೊರಟವರಿಗೆ ಹತ್ತಿರದ್ದು ಲಕ್ಷದ್ವೀಪ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನ ಜೊತೆಗಿನ ಸರಕಿನ ನಂಟು ಆಮೇಲೂ ಉಳಿಯಿತು. 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. ಕವರತ್ತಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ ಇದೆ, ಅಗತ್ತಿಯಲ್ಲಿ ರಾಜೀವ್ ಗಾಂಧಿ ಆಸ್ಪತ್ರೆ. ಅಲ್ಲಿ ಕೈಮೀರಿದ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ಹೊರಗಿನವರು ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು. ಮಲಯಾಳಂ ಕಲಿಯದೆ ರೋಗಿಯ ಹೊಟ್ಟೆನೋವು ಎಲ್ಲಿ ಎಂದು ಕೇಳಲಾಗದು. ಮಿನಿಕಾಯಿಯಲ್ಲಿ ಅದೂ ಸಾಲದು, ಅಲ್ಲಿನ ಮಾತು ಮಹಲ್. ರಾಜ್ಯದ ಗಡಿ ದಾಟುವ ಯಾರೇ ಆಗಲಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿದೆಯೇ, ಹೋಗುವ ಕಡೆ ಅದನ್ನು ಒಪ್ಪುತ್ತಾರೆಯೇ ಎಂಬುದನ್ನು ಟಿಕೆಟ್ ತೆಗೆಯುವ ಮುನ್ನ ಬಗೆಹರಿಸಿಕೊಳ್ಳಬೇಕು.

ಹೊರದೇಶದ ದ್ವೀಪಗಳ ಕತೆಯೂ ಒಂದೇ ತರಹದ್ದಲ್ಲ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿರುವ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಭಾರತದ ನೆರವಿನಿಂದ ಕಟ್ಟಿದ್ದು. ದೂರದ ದ್ವೀಪಗಳ ಸಣ್ಣ ಆರೋಗ್ಯ ಕೇಂದ್ರಗಳಲ್ಲೂ ಭಾರತದ ನರ್ಸ್‌ಗಳು ದುಡಿಯುತ್ತಾರೆ. ಬಹರೇನ್ ಕೂಡ ದ್ವೀಪ ದೇಶವೇ. ಅಲ್ಲಿ ಕನ್ನಡ ಸಂಘವಿದೆ, ಹೊಸಬರಿಗೆ ಮನೆ-ಊಟದ ಸುಳಿವು ಸಿಗುತ್ತದೆ. ಬಹರೇನ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳ ನೇಮಕಾತಿ ಅಧಿಕೃತ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಕಟ್ಟುನಿಟ್ಟು ಮಾಡಿತು. ಮಾಲ್ಡೀವ್ಸ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಲ್ಲಿಗೆ ಹೋಗುವವರು ಏಜೆಂಟನ ಪರವಾನಗಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ತಾವೇ ತಾಳೆ ನೋಡುವುದು ಕ್ಷೇಮ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಹೊಲ ಒತ್ತೆ ಇಟ್ಟು ಲಕ್ಷಗಟ್ಟಲೆ ಕೊಡಬೇಡಿ ಎಂದು ಪ್ರತಿ ಮನೆಗೂ ಹೇಳಬೇಕಾಗಿದೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳಲ್ಲಿ ಸರ್ಕಾರಿ ಆರೋಗ್ಯ ಸೇವೆಯ ನೌಕರರಿಗೆ ಸಂಬಳದ ಜೊತೆ ದೂರದ್ವೀಪ ಭತ್ಯೆ ಎಂದೇ ಬೇರೆ ಹಣ ಕೊಡುತ್ತಾರೆ. ದೋಣಿ, ವಿಮಾನ, ತುಟ್ಟಿ ದಿನಸಿ, ಒಂಟಿತನ ಇವಕ್ಕೆಲ್ಲ ಬೆಲೆ ಇದೆ ಎಂದು ಅಲ್ಲಿನ ವ್ಯವಸ್ಥೆ ಒಪ್ಪಿಕೊಂಡಿದೆ. ಬ್ರಿಟನ್ನಿನ ನೋಂದಣಿಗೆ ಐ.ಇ.ಎಲ್.ಟಿ.ಎಸ್.ನಲ್ಲಿ ಓದು, ಆಲಿಸುವಿಕೆ, ಮಾತಿಗೆ 7, ಬರಹಕ್ಕೆ 6.5 ಅಂಕ ಬೇಕು. ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು, ಪ್ರಾಯೋಗಿಕ ಪರೀಕ್ಷೆ ಅಲ್ಲಿ ಹೋಗಿ ಕೊಡಬೇಕು. ಕೃಷ್ಣೆಯ ಗಡ್ಡಿಗೆ ಹೋಗುವ ನರ್ಸ್‌ಗೂ ಇಂಥ ಭತ್ಯೆ ಕೇಳುವ ಹಕ್ಕಿದೆ.

ಗಡ್ಡಿಯಾಗಲಿ ಸಮುದ್ರವಾಗಲಿ, ಸಂದರ್ಶನದಲ್ಲಿ ಸಂಬಳಕ್ಕಿಂತ ಮುಂಚೆ ಕೇಳಬೇಕಾದ ಮಾತುಗಳಿವೆ. ಇರಲು ಮನೆ ಯಾರು ಕೊಡುತ್ತಾರೆ? ರಜೆ ಹಾಕಿದರೆ ಬದಲಿಗೆ ಯಾರು ಬರುತ್ತಾರೆ? ನಡುರಾತ್ರಿ ರೋಗಿ ಕೆಟ್ಟರೆ ಯಾವ ವೈದ್ಯರಿಗೆ ಫೋನ್, ಯಾರ ದೋಣಿ, ಡೀಸೆಲ್ ಖರ್ಚು ಯಾರದು? ಇವಕ್ಕೆ ಉತ್ತರ ಬರೆಸಿಕೊಂಡೇ ಸಹಿ ಹಾಕಬೇಕು. ಸೇರುವ ತಿಂಗಳನ್ನೂ ಆರಿಸಿಕೊಳ್ಳಬೇಕು. ಮುಂಗಾರಿನಲ್ಲಿ ಲಕ್ಷದ್ವೀಪದ ಹಡಗುಗಳ ಓಡಾಟ ಕಡಿಮೆಯಾಗುತ್ತದೆ, ಕೃಷ್ಣೆಯ ಗಡ್ಡಿಗಳಿಗೂ ಅದೇ ಕಷ್ಟದ ಕಾಲ. ದೀಪಾವಳಿ ಕಳೆದು ಹೊರಟವರಿಗೆ ನೀರು ಏರುವ ಮೊದಲು ಆರೇಳು ತಿಂಗಳು ಸಿಗುತ್ತವೆ. ಅಷ್ಟರಲ್ಲಿ ಪ್ರತಿ ಮನೆಯ ಬಾಗಿಲು, ದೋಣಿ ಹಾಕುವವರ ಫೋನ್ ನಂಬರು, ಜೂನ್ ನಂತರ ದಿನ ತುಂಬುವ ತಾಯಂದಿರ ಹೆಸರು ಅವರ ನೋಟ್‌ಬುಕ್ ಸೇರಿರುತ್ತವೆ.