ಮಾತು ಕೇಳುವುದು, ಪ್ರಶ್ನೆ ಕೇಳುವುದು

"ದೊಡ್ಡವರ ಮಾತು ಕೇಳಬೇಕು." ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕಿವಿಗೆ ಅತಿ ಹೆಚ್ಚು ಬೀಳುವ ಕನ್ನಡ ವಾಕ್ಯ ಬಹುಶಃ ಇದೇ! ಓದಿನ ಆಯ್ಕೆಯಿಂದ ಮದುವೆಯವರೆಗೆ ಇದೇ ಮಾತು, ಬೆಂಬಲಕ್ಕೆ ಶಾಸ್ತ್ರ. ಶಾಸ್ತ್ರ ನಿಜವಾಗಿ ಹೇಳುವುದೇನು?

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರು, ವಿದ್ಯೆ ಮುಗಿಸಿದ ಶಿಷ್ಯನಿಗೆ ತಾಯಿ, ತಂದೆ, ಆಚಾರ್ಯ, ಅತಿಥಿಗಳನ್ನು ದೇವರೆಂದು ಕಾಣಲು ಹೇಳುತ್ತಾನೆ. ಅದು ಎಲ್ಲರಿಗೂ ಬಾಯಿಪಾಠ. ಬೆನ್ನಲ್ಲೇ, ನಮ್ಮ ಒಳ್ಳೆಯ ನಡತೆಯನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ ಎಂದೂ ಎಚ್ಚರಿಸುತ್ತಾನೆ. ಇದನ್ನು ಮನೆಗಳಲ್ಲಿ ಅಷ್ಟಾಗಿ ನೆನೆಯುವುದಿಲ್ಲ.

ಗೀತೆಯ 4ನೇ ಅಧ್ಯಾಯದಲ್ಲಿ ಜ್ಞಾನಿಗಳಿಂದ ಕಲಿಯಲು ಮೂರು ದಾರಿಗಳಿವೆ: ನಮಸ್ಕಾರ, ಪ್ರಶ್ನೆ, ಸೇವೆ. ನಮಸ್ಕಾರದಿಂದ ಅಹಂಕಾರ ಇಳಿಯುತ್ತದೆ, ಸೇವೆಯಿಂದ ಸ್ವಾರ್ಥ ಕರಗುತ್ತದೆ. ಇವೆರಡರ ನಡುವೆ ನಿಂತು ಕೇಳಿದ ಪ್ರಶ್ನೆ ಉದ್ಧಟತನವಾಗದು. 18ನೇ ಅಧ್ಯಾಯದಲ್ಲಿ ಶ್ರೀಕೃಷ್ಣನು ಶರಣಾಗು ಎನ್ನುವುದಕ್ಕೆ ಮೊದಲೇ, ಎಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ನಿನ್ನಿಚ್ಛೆಯಂತೆ ಮಾಡು ಎಂದು ಅರ್ಜುನನಿಗೆ ಬಿಡುತ್ತಾನೆ.

ಅಂದರೆ ವಿಧೇಯತೆ ಇನ್ನೊಬ್ಬರ ಅಪ್ಪಣೆಗೆ ಕುಣಿಯುವುದಲ್ಲ, ನಮ್ಮ ಮನಸ್ಸನ್ನು ನಾವೇ ಆಳಿಕೊಳ್ಳುವುದು. ಕಠೋಪನಿಷತ್ತಿನ ನಚಿಕೇತ ತಂದೆಯನ್ನೇ ಪ್ರಶ್ನಿಸಿದ. ಆದರೆ ಯಮನಲ್ಲಿ ಅವನು ಬೇಡಿದ ಮೊದಲ ವರ, ತಂದೆಯ ಕೋಪ ಶಾಂತವಾಗಲಿ ಎಂಬುದು!

ಮಾತು ಕೇಳುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಕನ್ನಡದಲ್ಲಿ ಒಂದೇ ಪದ. ಯುವ ಮಿತ್ರರೇ, "ಒಲ್ಲೆ" ಎನ್ನುವ ಮೊದಲು, ಇದು ವಿವೇಕವೋ ಬರೀ ಸಿಟ್ಟೋ ನೋಡಿಕೊಳ್ಳಿ. "ಹೂಂ" ಎನ್ನುವ ಮೊದಲೂ ಅಷ್ಟೇ: ಇದು ಪ್ರೀತಿಯೋ, ಬರೀ ಭಯವೋ?